ಬೇರು ಮೇಲಾದ ಮರದಲ್ಲಿ ಇಬ್ಬರು ಮಾದಪ್ಪ

ಮೊದಲು ಕಂಡದ್ದು ಒಂದು ಮರ. ಬೇರು ಮೇಲೆ, ಕೊಂಬೆಗಳು ಕೆಳಗೆ.

ಅದು ನಮ್ಮ ಕಂಪ್ಯೂಟರ್ ಕೋಣೆಯ ಪರದೆಯ ಮೇಲೆ ಮೂಡಿದಾಗ ಹೊರಗೆ ಮಳೆ ಬರುತ್ತಿತ್ತು ಎಂದು ಬರೆದಿದ್ದೆ, ಹೊಡೆದುಹಾಕಿದೆ. ಬಿಸಿಲಿತ್ತು ಎಂದು ಬರೆದೆ, ಅದೂ ನಿಲ್ಲಲಿಲ್ಲ. ಅಂದಿನ ಹವೆ ನನಗೆ ನೆನಪಿಲ್ಲ, ಮರ ನೆನಪಿದೆ. ಬೇರಿನ ಜಾಗದಲ್ಲಿ ನಮ್ಮ ಟ್ರಸ್ಟಿನ ಹೆಸರು. ಅದರ ಕೆಳಗೆ ತಾಳವಾಡಿ, ಹಾಸನೂರು, ತಾಳಮಲೆ, ಗೆಟ್ಟವಾಡಿ ಎಂಬ ಕೊಂಬೆಗಳು. ಕೊಂಬೆಯ ತುದಿಗಳಲ್ಲಿ ಎಲೆಗಳ ಹಾಗೆ ಜನ. ಕೀ ಒತ್ತಿ ಇಳಿದಷ್ಟೂ ಎಲೆಗಳು ಮುಗಿಯಲೊಲ್ಲವು. ನಾನು ಹುಟ್ಟಿ ಬೆಳೆದ ಬೆಟ್ಟವನ್ನು ಯಾರೋ ಬುಡಸಮೇತ ಕಿತ್ತು ತಲೆಕೆಳಗೆ ಹಿಡಿದ ಹಾಗಿತ್ತು. ನಮ್ಮಪ್ಪನ ಹೆಸರು ಒಂದು ಎಲೆಯ ಮೇಲೆ ಸಿಕ್ಕಿತು. ಅವರು ಆಗ ಮನೆಯ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಿರಬೇಕು. ಅವರಿಗೆ ಗೊತ್ತಿಲ್ಲದೆಯೇ ಅವರು ಇಲ್ಲೂ ಇದ್ದರು.

ಈ ಕೆಲಸಕ್ಕೆ ಹೊಸದಾಗಿ ಬರುವ ನೀವು ನನ್ನನ್ನು ಬಡ್ತಿ, ಸಂಬಳ, ಸರ್ಟಿಫಿಕೇಟು ಕೇಳಬೇಡಿ. ಅವು ಬಂದವು, ಹೋದವು. ಜನರ ಗುರುತನ್ನು ಯಂತ್ರದಲ್ಲಿ ಇಡುವುದೆಂದರೆ ಏನು ಎಂಬುದನ್ನು ಹೇಳುತ್ತೇನೆ. ಅದನ್ನೂ ಪೂರ್ತಿ ನಂಬಬೇಡಿ. ನೆನಪು ತನಗೆ ಬೇಕಾದ ಕಡೆ ನಯ ಮಾಡಿಕೊಳ್ಳುತ್ತದೆ.

ನಮ್ಮ ಟ್ರಸ್ಟಿಗೆ ತಾಳವಾಡಿಯಲ್ಲಿ ಒಂದು ಆಸ್ಪತ್ರೆ, ಸುತ್ತ ಮೂರು ಊರುಗಳಲ್ಲಿ ಸಣ್ಣ ಕ್ಲಿನಿಕ್ಕು, ಒಂದು ಶಾಲೆ, ಮಹಿಳಾ ಸಂಘಗಳ ಒಂದು ಮಳಿಗೆ ಇದ್ದವು. ಎಲ್ಲ ಕಡೆಯೂ ಒಂದೊಂದು ಕಂಪ್ಯೂಟರ್, ಒಂದೊಂದರಲ್ಲೂ ಅದರದೇ ಹೆಸರುಪಟ್ಟಿ. ಒಬ್ಬಳೇ ಹೆಂಗಸು ಆಸ್ಪತ್ರೆಯಲ್ಲಿ ರೋಗಿ, ಶಾಲೆಯಲ್ಲಿ ತಾಯಿ, ಮಳಿಗೆಯಲ್ಲಿ ಸದಸ್ಯೆ. ಮೂರು ಕಡೆ ಮೂವರಾಗಿ ಬದುಕುತ್ತಿದ್ದಳು. ನಮ್ಮ ಆಡಳಿತಾಧಿಕಾರಿ ಸುಂದರಂ ಸಾರ್ ಮಿಲಿಟರಿ ಸ್ಟೋರ್ಸಿನಿಂದ ನಿವೃತ್ತರಾಗಿ ಬಂದವರು. ಸತ್ಯಮಂಗಲದ ಕಡೆಯವರು, ಸಿಟ್ಟು ಬಂದರೆ ಮಾತ್ರ ಕನ್ನಡ, ಉಳಿದಂತೆ ತಮಿಳು; ಆ ಮಾತುಗಳನ್ನು ಇಲ್ಲಿ ನಾನೇ ಕನ್ನಡ ಮಾಡಿದ್ದೇನೆ.

"ಒಂದು ಆಳು, ಒಂದು ನಂಬರು. ಬೂಟ್ಸಿಗೇ ನಂಬರ್ ಕೊಟ್ಟು ಕಾಪಾಡಿದೋನು ನಾನು. ಮನುಷ್ಯರಿಗೆ ಆಗಲ್ಲವೇನ್ರೀ?"

ಕೊಯಮತ್ತೂರಿನಿಂದ ಒಬ್ಬ ಮಾರಾಟಗಾರ ಬಂದು ದೊಡ್ಡ ಕಂಪನಿಗಳು ಬಳಸುವ ಸಾಫ್ಟ್‌ವೇರಿನ ಚಿತ್ರಗಳನ್ನು ತೋರಿಸಿದ. ಸಾರ್ ಬೆಲೆ ಕೇಳಿ ಅವನಿಗೆ ಇನ್ನೊಂದು ಟೀ ತರಿಸಿ, ಬಸ್ಸು ಹತ್ತಿಸಿ ಬಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಓದೋ ಪತ್ರಿಕೇಲಿ ಸಿಡಿ ಬರ್ತದಲ್ಲ, ಅದರಲ್ಲಿ ಏನಾದ್ರೂ ಇದ್ಯಾ ನೋಡು" ಅಂದರು.

ಇತ್ತು. ಮೈಸೂರಿನಿಂದ ತರಿಸುತ್ತಿದ್ದ ಕಂಪ್ಯೂಟರ್ ಪತ್ರಿಕೆಯ ಜೊತೆ ಬರುವ ಸಿಡಿಯಲ್ಲಿ ಲಿನಕ್ಸ್ ಇತ್ತು; ಅದರೊಳಗೆ ಜನರ ವಿವರಗಳನ್ನು ಮರದ ಹಾಗೆ ಜೋಡಿಸಿಡುವ ಡೈರೆಕ್ಟರಿ ಸರ್ವರ್ ಇತ್ತು. ಬೀಗವಿಲ್ಲ, ಲೈಸೆನ್ಸಿನ ತಂಟೆಯಿಲ್ಲ. ಒಳಗಿನ ಕೋಡನ್ನು ಬಿಚ್ಚಿ ಓದಬಹುದಿತ್ತು. ನಾನು ಓದಿದೆ. ಅರ್ಥವಾದದ್ದು ಕಡಿಮೆ. ಆದರೆ ಒಂದು ಕಡೆ, ದಿನಾಂಕಗಳನ್ನು ಸರಿಪಡಿಸುವ ಸಾಲುಗಳ ನಡುವೆ, ಯಾರೋ ಒಬ್ಬ ಟಿಪ್ಪಣಿ ಬರೆದಿಟ್ಟಿದ್ದ: ನನಗೆ ಇಂದು ಮಗಳು ಹುಟ್ಟಿದಳು, ಉಳಿದದ್ದು ನಾಳೆ. ಅದರ ಕೆಳಗೆ ಬೇರೆ ಕೈಯ ಕೋಡು ಶುರುವಾಗಿತ್ತು. ಇನ್ಯಾವುದೋ ದೇಶದ ಇನ್ಯಾರೋ, ಅವನು ಬಿಟ್ಟ ಜಾಗದಿಂದ ಹಿಡಿದು ಮುಗಿಸಿದ್ದರು. ತಾಳವಾಡಿಯ ತಗಡಿನ ಮಾಡಿನ ಕೆಳಗೆ ಕೂತು ನಾನು ಆ ಎರಡು ಸಾಲುಗಳ ನಡುವಿನ ಖಾಲಿ ಜಾಗವನ್ನೇ ನೋಡುತ್ತಿದ್ದೆ. ನಮ್ಮೂರಲ್ಲಿ ಒಬ್ಬ ಬಿಟ್ಟ ನೇಗಿಲನ್ನು ಇನ್ನೊಬ್ಬ ಹಿಡಿಯುತ್ತಾನೆ, ಆದರೆ ಅವರಿಬ್ಬರೂ ಪರಸ್ಪರ ಮುಖ ಕಂಡಿರುತ್ತಾರೆ.

ಆಗ ಕ್ಲಿನಿಕ್ಕುಗಳಿಗೆ ಇಂಟರ್ನೆಟ್ ಇರಲಿಲ್ಲ. ತಾಳಮಲೆಯ ನರ್ಸು ವಾರದ ವಿವರಗಳನ್ನು ಫ್ಲಾಪಿಗೆ ಹಾಕಿ, ಮಾತ್ರೆಯ ಕವರಿನಲ್ಲಿಟ್ಟು ಬಸ್ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ನೋಂದಣಿ ಕೌಂಟರಿನ ಸೆಲ್ವಿ ಬಸ್ ನಿಲ್ದಾಣಕ್ಕೆ ಹೋಗಿ ತರುವಳು. ಭವಾನಿ ಊರಿನ ಹುಡುಗಿ, ನಮ್ಮ ಕನ್ನಡ ಕಲಿತಿದ್ದಳು, ಅರ್ಧ ತಮಿಳು ಬೆರೆಸಿ.

"ಇನ್ನಿಕ್ಕಿ, ಇವತ್ತು, ಡೇಟಾ ಬರಲ್ಲ ಸಾರ್. ರೋಡಲ್ಲಿ ಆನೆ ನಿಂತದಂತೆ. ನಂ ಡೇಟಾ ಆನೆ ಹಿಂದೆ ನಿಂತದೆ."

ಎಲ್ಲ ಪಟ್ಟಿಗಳೂ ಒಂದೆಡೆ ಸೇರಿದ ಮೇಲೆ ಅಸಲಿ ಕೆಲಸ. ಒಬ್ಬನೇ ಮನುಷ್ಯನ ಹಲವು ಎಲೆಗಳನ್ನು ಒಂದೇ ಎಲೆ ಮಾಡಬೇಕು. ಅದಕ್ಕೂ ಒಂದು ಪುಕ್ಕಟೆ ಸಾಧನ ಸಿಕ್ಕಿತು. ಹೆಸರು, ತಂದೆಯ ಹೆಸರು, ಊರು, ವಯಸ್ಸು ಇವನ್ನು ಹೋಲಿಸಿ ಅಂಕ ಕೊಡುತ್ತಿತ್ತು. ಅಂಕ ಸಾಕಷ್ಟಿದ್ದರೆ ಇಬ್ಬರನ್ನು ಒಬ್ಬರನ್ನಾಗಿ ಬೆಸೆಯುತ್ತಿತ್ತು. ವಯಸ್ಸೇ ತೊಡಕಾಯಿತು. ನಮ್ಮ ಜನ ಹಾಸನೂರಿನಲ್ಲಿ ಐವತ್ತು ಅನ್ನುತ್ತಿದ್ದರು, ತಾಳವಾಡಿಯಲ್ಲಿ ಎಪ್ಪತ್ತು ಅನ್ನುತ್ತಿದ್ದರು; ಎರಡೂ ಕಡೆ ಬರೆದುಕೊಳ್ಳುವವರ ಮುಖ ನೋಡಿ ಹೇಳಿದ ವಯಸ್ಸು. ಹಾಗಾಗಿ ವಯಸ್ಸಿಗೆ ಅಂಕವೇ ಬೇಡ ಎಂದು ತೀರ್ಮಾನವಾಯಿತು. ತೀರ್ಮಾನಿಸಿದ್ದು ಯಾರು? ಒಂದು ನೆನಪಿನಲ್ಲಿ ಸಾರ್ ಮೇಜು ಕುಟ್ಟಿ ಹೇಳುತ್ತಾರೆ. ಇನ್ನೊಂದರಲ್ಲಿ ನಾನು ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ. ಎರಡೂ ಅಷ್ಟೇ ಸ್ಪಷ್ಟವಾಗಿವೆ, ಅದಕ್ಕೇ ಎರಡನ್ನೂ ನಂಬುವುದಿಲ್ಲ.

ಬೆಸೆದ ದಿನ ಮರ ಹಗುರಾಯಿತು. ಸಾರ್ ಎಲ್ಲರಿಗೂ ಮೈಸೂರುಪಾಕು ಹಂಚಿದರು.

ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಕೌಂಟರಿನಲ್ಲಿ ದನಿಗಳು ಏರಿದವು. ಗೆಟ್ಟವಾಡಿಯ ಜಯಮ್ಮ, ಜೊತೆಗೆ ಹೈಸ್ಕೂಲಿಗೆ ಆಗಷ್ಟೇ ಸೇರಿದ ಅವಳ ಮಗ. ಹುಡುಗನಿಗೆ ಚಿಕ್ಕಂದಿನಲ್ಲಿ ಗಂಟಲುನೋವಿನ ಜ್ವರ ಬಂದು, ಕೀಲಿಗಿಳಿದು, ಕೊನೆಗೆ ಹೃದಯದ ಕವಾಟ ಮುಟ್ಟಿತ್ತು. ಅಂಥವರಿಗೆ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಬೀಳಬೇಕು, ವರ್ಷಗಟ್ಟಲೆ. ತಪ್ಪಿದರೆ ಜ್ವರ ಮರಳುತ್ತದೆ. ಮರಳಿದ ಪ್ರತಿಸಲವೂ ಕವಾಟ ಇನ್ನಷ್ಟು ಕೆಡುತ್ತದೆ. ಹಿಂದಿನ ಸರದಿಯಲ್ಲೇ ಅವರನ್ನು ವಾಪಸು ಕಳಿಸಿದ್ದರು. ಇದು ಎರಡನೆಯ ಸಲ.

"ಅಕ್ಕಾ, ಊಸಿ ಹಾಕಕ್ಕಾಗಲ್ಲ. ಸ್ಕ್ರೀನ್ ಕೆಂಪಾಗಿದೆ" ಅಂದಳು ಸೆಲ್ವಿ.

"ಕೆಂಪಾದ್ರ ಏನವ್ವ? ಇಷ್ಟ್ ವರ್ಸ ಆಕ್ತಿದ್ರಲ್ಲ."

"ಈ ಮದ್ದು ಹಾಕಿದ್ರೆ ಉಸಿರೇ ನಿಂತೋಗ್ತದೆ ಅಂತ ಬರ್ದಿದೆ."

"ಅಯ್ಯಯ್ಯೋ, ಬುಡ್ತು ಅನ್ನವ್ವ! ಬೆಳಗ್ಗೆ ಬೆಳಗ್ಗೆ ಎಂತಾ ಮಾತಾಡೀಯೆ!"

ಹುಡುಗ ಗೋಡೆಗೆ ಒರಗಿ ನಿಂತಿದ್ದ. ಬಸ್ ನಿಲ್ದಾಣದಿಂದ ನಮ್ಮ ಗೇಟಿಗೆ ಸಣ್ಣ ಏರು, ಅಷ್ಟೇ. ಅವನ ಎದೆ ಅಂಗಿಯೊಳಗೆ ಏರಿಳಿಯುವುದು ನನಗೆ ಕೋಣೆಯ ಬಾಗಿಲಿಂದಲೇ ಕಂಡಿತು. ಹೊರಗೆ ಬಂದು ಜಯಮ್ಮನನ್ನು ಕೇಳಿದೆ: "ಹುಡುಗನ ಹೆಸರೇನಮ್ಮ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅದ್ರಲ್ಲೇ ಬರ್ದದಲ್ಲ ಸಿವಣ್ಣ, ನೋಡ್ಕ."

"ನಿನ್ನ ಬಾಯಲ್ಲಿ ಹೇಳು."

"ನಮ್ಮಾವೋರ ಎಸ್ರು ಅದು. ನಾ ಎಂಗ ಯೋಳನ?"

ಹುಡುಗನೇ ಹೇಳಿದ: "ಮಾದಪ್ಪ."

"ಅಪ್ಪನ ಹೆಸರು?"

"ಸಿದ್ದಪ್ಪ."

"ತಾತನ ಹೆಸರೂ ಮಾದಪ್ಪ. ಸರಿ, ತಾತನ ಅಪ್ಪನ ಹೆಸರೇನು?"

ಅವನಿಗೆ ಗೊತ್ತಿರಲಿಲ್ಲ. ಜಯಮ್ಮ ನೆಲ ನೋಡುತ್ತಾ, "ಅದೂ ಯೋಳಕ್ಕಾಗಲ್ಲ. ನಮ್ ಯಜಮಾನ್ರ ಎಸ್ರೇ ಅವರ್ದೂ" ಅಂದಳು.

ನಾನು ಸೆಲ್ವಿಯ ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. ನಮ್ಮ ಕಡೆ ಮೊದಲ ಮಗನಿಗೆ ತಾತನ ಹೆಸರಿಡುತ್ತಾರೆ. ಅದು ನನಗೆ ಗೊತ್ತಿಲ್ಲದ್ದಲ್ಲ. ಶಿವಣ್ಣ ಎಂಬ ನನ್ನ ಹೆಸರೇ ನನ್ನ ತಾತನದು. ಆದರೆ ಗೊತ್ತಿರುವುದು ಬೇರೆ, ಕಾಣುವುದು ಬೇರೆ. ಸಿದ್ದಪ್ಪನ ಮಗ ಮಾದಪ್ಪ, ಮಾದಪ್ಪನ ಮಗ ಸಿದ್ದಪ್ಪ, ಸಿದ್ದಪ್ಪನ ಮಗ ಮತ್ತೆ ಮಾದಪ್ಪ. ಎರಡೇ ಹೆಸರುಗಳು ಹಗ್ಗದ ಎರಡು ಎಳೆಗಳ ಹಾಗೆ ಹೊಸೆದುಕೊಂಡು ಎಷ್ಟು ತಲೆಮಾರುಗಳಿಂದ ಇಳಿದು ಬಂದಿವೆಯೋ. ತಾತನೂ ಮೊಮ್ಮಗನೂ ಒಂದೇ ಹೆಸರು, ಒಂದೇ ತಂದೆ ಹೆಸರು, ಒಂದೇ ಊರು. ವಯಸ್ಸಿನ ಅಂಕವನ್ನು ನಾವೇ ಕಿತ್ತುಹಾಕಿದ್ದೆವು. ಯಂತ್ರ ಇಬ್ಬರನ್ನೂ ಒಂದೇ ಎಲೆ ಮಾಡಿತ್ತು.

ಮುದುಕ ಮಾದಪ್ಪನಿಗೆ ಪೆನ್ಸಿಲಿನ್ ಆಗುತ್ತಿರಲಿಲ್ಲ. ಕೆಂಪು ಸಾಲು ಅವನದು.

ಸುಂದರಂ ಸಾರ್ ಕೇಳಿ ಕನ್ನಡಕ್ಕೆ ಬಂದರು. "ಆ ಕೆಂಪು ತೆಗೀರಿ ಅಷ್ಟೇ!"

ಹೊಸದಾಗಿ ಬಂದಿದ್ದ ಡಾಕ್ಟರು ಒಪ್ಪಲಿಲ್ಲ. ಈ ಮನೆಯವರನ್ನೆಲ್ಲ ಬಲ್ಲ ಹಳೆಯ ಡಾಕ್ಟರು ಊರು ಬಿಟ್ಟಾಗಿತ್ತು. "ತೆಗೆದರೆ ಮುದುಕರ ಗತಿ? ಕಾಲಿನ ಹುಣ್ಣಿಗೆ ಅವರು ಇಲ್ಲಿಗೇ ಬರ್ತಾರೆ. ನಾಳೆ ಯಾರಾದರೂ ಅವರಿಗೆ ಅದೇ ಚುಚ್ಚಿದರೆ? ಇನ್ನೂ ಒಂದು ವಿಷಯ. ಇದರಲ್ಲಿ ಎರಡು ಕಡೆ, ಇಂಜೆಕ್ಷನ್ ದಿನವೇ 'ಬಿದ್ದರು' ಅಂತಿದೆ. ಎರಡೂ ಮುದುಕರೇ ಅಂತ ಯಾರು ಹೇಳ್ತೀರಿ? ಇಷ್ಟು ವರ್ಷ ಒಗ್ಗಿದ ಮದ್ದು ಒಂದು ದಿನ ಒಗ್ಗದೆ ಹೋಗೋದೂ ಉಂಟು."

ಎಲ್ಲರೂ ಜಯಮ್ಮನ ಕಡೆ ನೋಡಿದೆವು. ಅವಳ ಮುಖ ಸಣ್ಣದಾಯಿತು. "ಇವ್ನೂ ಒಂದ್ಸಲ ಬಿದ್ದ ಕಣಪ್ಪ. ಇಲ್ಲೇ, ಬಾಗ್ಲತಾವು. ಅಸ್ಕೊಂಡಿದ್ದ ಅನ್ಕೊಂಡೆ."

ಇದೇ ಗಂಟು. ಚುಚ್ಚಿದರೆ ಹುಡುಗ ಸಾಯಬಹುದು, ಚುಚ್ಚದಿದ್ದರೆ ಅವನ ಹೃದಯ ಕೆಡುತ್ತದೆ. ಯಾವುದು ಎಂದು ಹೇಳಬೇಕಾದ ವಿವರ ತಾತನ ವಿವರದೊಳಗೆ ಕರಗಿಹೋಗಿತ್ತು. ಬೆಸೆದದ್ದನ್ನು ಬಿಡಿಸುವ ಗುಂಡಿ ಆ ಸಾಧನದಲ್ಲಿ ಇರಲಿಲ್ಲ.

ಡಾಕ್ಟರು ಆವತ್ತಿಗೆ ಬೇರೆ ಮಾತ್ರೆ ಕೊಟ್ಟು, "ಇದು ಅದರಷ್ಟು ನಂಬಿಕೆಯದಲ್ಲ, ಬೇಗ ಬಿಡಿಸಿ" ಅಂದರು. ನಾನು ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ, ಆ ಸಾಧನ ಬರೆದವರೆಲ್ಲ ಓದುವ ಇಮೇಲ್ ಅಂಚೆಪಟ್ಟಿಗೆ ನನ್ನ ಹರಕು ಇಂಗ್ಲಿಷಿನಲ್ಲಿ ಬರೆದೆ. ಮರುದಿನ ಉತ್ತರ ಕಾದಿತ್ತು. ಹೆಸರೇ ಹಾಕದ ಒಬ್ಬರು, ಬಿಡಿಸುವ ದಾರಿ ಸದ್ಯಕ್ಕಿಲ್ಲ, ಆದರೆ ಬೆಸೆಯುವ ಮುಂಚಿನ ಸಾಲುಗಳು ಯಂತ್ರ ತಾನೇ ಬರೆದಿಡುವ ಲಾಗ್‌ನಲ್ಲಿ ಚೂರುಚೂರಾಗಿ ಸಿಗುತ್ತವೆ, ಒಂದೊಂದು ಭೇಟಿಯನ್ನೂ ಯಾರದೆಂದು ನೀವೇ ಹೇಳಬೇಕು ಎಂದು ಬರೆದಿದ್ದರು. ಕೊನೆಗೆ ಒಂದು ಪ್ರಶ್ನೆ: ಇವರು ಇಬ್ಬರೆಂದು ನಿಮಗೆ ಖಾತ್ರಿಯೇ?

ಜಯಮ್ಮ ಮಾವನನ್ನೂ ಮಗನನ್ನೂ ಕರೆದುಕೊಂಡು ಬಂದಿದ್ದಳು. ಮುದುಕ ಮಾದಪ್ಪ ಕಂಪ್ಯೂಟರಿನ ಮುಂದೆ ಸ್ಟೂಲಿನ ಮೇಲೆ ಕೂತು, ಊರುಗೋಲನ್ನು ಕೀಬೋರ್ಡಿಗೆ ಒರಗಿಸಿದ್ದ. ನಾನು ಆ ಪ್ರಶ್ನೆಯನ್ನು ಓದಿ ಹೇಳಿದೆ. ಅವನು ಗಹಗಹಿಸಿ ನಕ್ಕ.

"ಒಳ್ಳೆ ಪ್ರಶ್ನೆ ಕಣ್ಲಾ! ಯಾವೂರೋನ್ಲಾ ಅವ? ತಿಳ್ದೋನು. ಈ ಐದ, ನನ್ ಮೊಮ್ಮಗ, ನಾನೇ. ನಾ ಸತ್ತೋದ್ಮೇಲೂ ನಾ ಇರ್ಲಿ ಅಂತ ತಾನೆ ಎಸ್ರು ಮಡಗಿರಾದು?"

"ಮಾದಪ್ಪಾ, ಈಗ ಸ್ವಲ್ಪ ಹೊತ್ತು ಇಬ್ಬರಾಗಿರಿ" ಅಂದೆ.

ಒಂದೊಂದೇ ಭೇಟಿಯನ್ನು ಓದುತ್ತಾ ಹೋದೆ. ಮುದುಕನಿಗೆ ಎಲ್ಲವೂ ಅವನದೇ. ಮಗುವಿನ ದಡಾರವನ್ನೂ "ನಂದೇ, ನಂಗ ಜ್ಞಾಪ್ಕ ಅದ" ಅಂದ. ಜಯಮ್ಮ ಬಾಗಿಲ ಹತ್ತಿರ ನೆಲದ ಮೇಲೆ ಕೂತು, ಮಾವನ ಕಡೆ ನೋಡದೆ, ಮೆಲ್ಲಗೆ ಬೇರೆ ಮಾಡುತ್ತಿದ್ದಳು. "ಅದು ಮಾವೋರ್ದು. ಅದು ಮೈನಂದು. ಅದೂ ಮೈನಂದೇ, ಕಡ್ಲಕಾಯ್ ಕೀಳ ಟೈಮು."

ಟೈಪು ಮಾಡುತ್ತಿದ್ದ ಸೆಲ್ವಿ ಕೈ ನಿಲ್ಲಿಸಿದಳು. "ಮೈನ ಯಾರಕ್ಕಾ?"

"ನನ್ ಮಗ ಕಣವ್ವ. ಸಣ್ಣೋನಾಗಿದ್ದಾಗ ಒಂದೇ ಸಮ್ನೆ ವಟವಟ ಅನ್ನನು. ಮಾವೋರ ಎಸ್ರು ಇಡ್ದು ಕೂಗಕ್ಕಾದದಾ? ಅದ್ಕ ಮೈನ ಅಂತೀನಿ."

"ಮನೇಲಿ ಬೇರೆ ಯಾರನ್ನಾದ್ರೂ ಮೈನ ಅಂತೀರಾ?"

"ಒಬ್ಬ ಮೈನನ್ನೇ ಸಾಕಕ್ಕಾಯ್ತಾ ಇಲ್ಲ!"

ಸೆಲ್ವಿ ಪರದೆಯ ಮೇಲೆ ಎರಡು ಖಾಲಿ ಎಲೆ ತೆರೆದು, ಒಂದರ ತಲೆಯ ಮೇಲೆ 'ಮಾವ', ಇನ್ನೊಂದರ ಮೇಲೆ 'ಮೈನ' ಎಂದು ಬೆರಳಚ್ಚು ಮಾಡಿದಳು. ಭೇಟಿಗಳು ಒಂದೊಂದಾಗಿ ಎರಡು ಕಡೆಗೆ ಬೀಳತೊಡಗಿದವು.

ಡಾಕ್ಟರು ಸುಮ್ಮನೆ ನಂಬಲಿಲ್ಲ. ಅವರು ಬೇರೆ ಕಾಗದದ ಮೇಲೆ ತಮ್ಮದೇ ಲೆಕ್ಕ ಮಾಡುತ್ತಿದ್ದರು: ಔಷಧಿಯ ಪ್ರಮಾಣ ನೋಡಿ ದೊಡ್ಡವರದ್ದು, ಮಕ್ಕಳದ್ದು ಎಂದು. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟೆವು. ಹೊಂದಿದವು. ತಾಯಿ ನೆನಪಿನಿಂದ ಹೇಳಿದ್ದು, ಡಾಕ್ಟರು ಮಿಲಿಗ್ರಾಮಿನಿಂದ ಹೇಳಿದ್ದು ಒಂದರ ಮೇಲೊಂದು ಕೂತವು. ಮೊದಲ ಸಲ ಬಿದ್ದದ್ದು ದೊಡ್ಡವರ ಪ್ರಮಾಣ ಚುಚ್ಚಿದ ಮೇಲೆ: ಮುದುಕ. ಎರಡನೆಯ ಸಲದ ಸಾಲನ್ನು ಡಾಕ್ಟರು ಮತ್ತೆ ಮತ್ತೆ ಓದಿದರು. ಆವತ್ತು ಬಿದ್ದವನಿಗೆ ಎಚ್ಚರ ಬಂದು, ತಿಂಡಿ ತಿನ್ನಿಸಿ, ಆಮೇಲೆ ಮಕ್ಕಳ ಪ್ರಮಾಣದ ಇಂಜೆಕ್ಷನ್ ಕೊಟ್ಟಿದ್ದರು. ಏನೂ ಆಗಿರಲಿಲ್ಲ.

"ಚುಚ್ಚುವ ಮೊದಲೇ ಬಿದ್ದಿದ್ದಾನೆ" ಅಂದರು ಡಾಕ್ಟರು.

ಹುಡುಗ ಆವತ್ತು ಮೊದಲ ಬಾರಿಗೆ ಬಾಯಿಬಿಟ್ಟ. "ಸೂಜಿ ನೋಡ್ದೆ, ಅದ್ಕ."

ಮುದುಕನಿಗೆ ಅವಮಾನವಾದ ಹಾಗೆ ಕಂಡಿತು. "ಸೂಜಿ ಕಂಡು ಬಿದ್ನೇನ್ಲಾ? ಓಗ್ಲಿ ಬುಡು, ಆ ಬಿದ್ದೋನು ನಾನಲ್ಲ."

ಹೀಗೆ ಅವರು ಇಬ್ಬರಾದರು.

ಆ ಮಧ್ಯಾಹ್ನವೇ ಡಾಕ್ಟರು ತುರ್ತು ಔಷಧಿಯನ್ನು ಕೈಗೆಟಕುವಂತೆ ಇಟ್ಟುಕೊಂಡು, ಮೊದಲು ಒಂದು ಹನಿ ಚರ್ಮದಡಿ ಚುಚ್ಚಿ, ಕಾದು, ಆಮೇಲೆ ಪೂರ್ತಿ ಇಂಜೆಕ್ಷನ್ ಕೊಟ್ಟರು. ಕಾಯುವಷ್ಟು ಹೊತ್ತೂ ಜಯಮ್ಮ ಮಗನ ಮುಖ ನೋಡುತ್ತಿದ್ದಳು, ಮಿಲಿಟರಿಯ ಸುಂದರಂ ಸಾರ್ ಕಿಟಕಿ ನೋಡುತ್ತಿದ್ದರು. ಸೂಜಿ ಒಳಗೆ ಹೋದಾಗ ಹುಡುಗ ತುಟಿ ಕಚ್ಚಿ ಸುಮ್ಮನಿದ್ದ. ಕೂಗಿದ್ದು ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದ ಮುದುಕ: "ಅಯ್ಯಪ್ಪೋ!" ಅವನು ತನ್ನ ಸೊಂಟವನ್ನು ಕೈಯಲ್ಲಿ ಒತ್ತಿ ಹಿಡಿದಿದ್ದ. ಇದನ್ನು ನಾನು ಕಂಡೆನೋ, ಸೆಲ್ವಿ ಆಮೇಲೆ ಹೇಳಿದಳೋ ತಿಳಿಯದು. ಆದರೆ ಕೂಗು ನನ್ನ ಕಿವಿಯಲ್ಲಿದೆ.

ನಂತರದ್ದು ದೊಡ್ಡ ಕೆಲಸ. ಹೀಗೆ ಬೆಸೆದುಹೋದ ತಾತ ಮೊಮ್ಮಕ್ಕಳು ಊರೂರಿಗೂ ಇದ್ದರು. ಬೆಸೆಯುವುದನ್ನು ನಿಲ್ಲಿಸಿ, ಸೆಲ್ವಿ ಮತ್ತು ನಾನು ಬಸ್ಸಿನಲ್ಲಿ, ಜೀಪಿನಲ್ಲಿ, ನಡೆದು ಹೋದೆವು. ಹೋದ ಮನೆಯಲ್ಲೆಲ್ಲ ಒಂದೇ ಪ್ರಶ್ನೆ: ಈ ಮಗನನ್ನು ತಾಯಿ ಏನೆಂದು ಕೂಗುತ್ತಾಳೆ? ಪ್ರತಿ ಮನೆಯಲ್ಲೂ ಉತ್ತರ ಸಿದ್ಧವಿತ್ತು. ಬೆಲ್ಲ, ಗುಬ್ಬಿ, ಕಲೆಕ್ಟ್ರು, ಜೇನು, ಡ್ರೈವರಣ್ಣ. ಸಾರ್ ಪಟ್ಟಿ ನೋಡಿ, "ಇದೇನ್ರೀ, ಆಸ್ಪತ್ರೆಯಾ ಹಕ್ಕಿಗೂಡಾ?" ಅಂದರು, ಆದರೆ ಸಹಿ ಹಾಕಿದರು.

ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಇದು. ತಾತನ ಹೆಸರಿಡುವ ಪದ್ಧತಿ ಗಂಟು ಹಾಕಿತ್ತು. ಮಾವನ ಹೆಸರು ಹೇಳಬಾರದೆಂಬ ಪದ್ಧತಿ, ನಾವು ಹುಟ್ಟುವುದಕ್ಕೆ ಎಷ್ಟೋ ಮೊದಲೇ, ಅದೇ ಮನೆಯಲ್ಲಿ ಆ ಗಂಟನ್ನು ಬಿಚ್ಚಿಟ್ಟಿತ್ತು. ಹೇಳಬಾರದ ಪ್ರತಿ ಹೆಸರಿನ ಪಕ್ಕದಲ್ಲೂ ಒಬ್ಬ ಹೆಂಗಸು ಇನ್ನೊಂದು ಹೆಸರು ಕಟ್ಟಿದ್ದಳು. ಬೆಟ್ಟದ ಜನರ ಡೈರೆಕ್ಟರಿ ಆಗಲೇ ನಡೆಯುತ್ತಿತ್ತು. ನಾವು ಅದಕ್ಕೆ ಪರದೆ ತಂದವರು ಅಷ್ಟೇ. ಸೊಸೆಯರ ಬಾಯಿ ಕಟ್ಟಿದ್ದು ನ್ಯಾಯವೇ ಎಂದು ನೀವು ಕೇಳಬಹುದು. ಕೇಳಿ. ನಾನೂ ಕೇಳಿಕೊಂಡಿದ್ದೇನೆ, ಉತ್ತರ ಈ ಬೆರಗಿನ ಜೊತೆಗೆ ಹೊಂದುವುದಿಲ್ಲ.

'ಮನೆಯಲ್ಲಿ ಕರೆಯುವ ಹೆಸರು' ಎಂಬ ಖಾನೆಯನ್ನೂ, ಬೆಸೆದದ್ದನ್ನು ಬಿಡಿಸುವ ಕೋಡನ್ನೂ ಬರೆದು ಆ ಅಂಚೆಪಟ್ಟಿಗೆ ಕಳಿಸಿದೆ. ನನ್ನ ಕೋಡು ಒಡ್ಡೊಡ್ಡಾಗಿತ್ತು. ಯಾರೋ ತಿದ್ದಿದರು, ಇನ್ಯಾರೋ ಚಿಕ್ಕದು ಮಾಡಿದರು. ಮುಂದಿನ ಆವೃತ್ತಿಯ ಸಿಡಿ ಬಂದಾಗ ಬಿಚ್ಚಿ ಹುಡುಕಿದೆ. ಇತ್ತು. ಮಗಳು ಹುಟ್ಟಿದವನ ಟಿಪ್ಪಣಿಯೂ ಅದರ ಜಾಗದಲ್ಲೇ ಇತ್ತು. ನಾನು ಕಾಣದ ಊರುಗಳ ಆಸ್ಪತ್ರೆಗಳಲ್ಲಿ, ನನಗೆ ಓದಲು ಬಾರದ ಭಾಷೆಗಳಲ್ಲಿ, ಯಂತ್ರ ಆ ಪ್ರಶ್ನೆ ಕೇಳುತ್ತಿರಬಹುದು.

ನಿಮಗೆ ಹೇಳಬೇಕಾದ ಪಾಠ ಸಣ್ಣದು. ಹೆಸರನ್ನು ಗುರುತಿನ ಕೀಲಿ ಮಾಡಬೇಡಿ. ನಂಬರಿನೊಳಗೆ ಊರು, ವಯಸ್ಸು ಎಂದು ಅರ್ಥ ತುಂಬಬೇಡಿ. ಬಿಡಿಸಲು ಬಾರದ್ದನ್ನು ಬೆಸೆಯಬೇಡಿ.

ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ಕೌಂಟರಿನಲ್ಲಿ ಒಂದು ಗುಂಪು. ಜಯಮ್ಮ, ತಲೆ ನರೆತಿದೆ. ಅವಳ ಪಕ್ಕ ಎಳೆಯ ಸೊಸೆ, ಸೊಸೆಯ ಮಡಿಲಲ್ಲಿ ಕೂಸು. ಹಿಂದೆ ಎತ್ತರದ ಗಂಡಸೊಬ್ಬ ಗೇಟಿನ ಏರು ಹತ್ತಿ ಬಂದು, ಏದುಸಿರಿಲ್ಲದೆ ನಿಂತು, ನನ್ನ ಕಡೆ ನೋಡಿ ನಕ್ಕ. ಮುದುಕ ತೀರಿಕೊಂಡು ಬಹಳ ಕಾಲವಾಗಿತ್ತು. ಸೆಲ್ವಿ ಕೂಸಿನ ಹೆಸರನ್ನು ಗಂಡಸಿನ ಬಾಯಿಂದ ಕೇಳಿ ಟೈಪು ಮಾಡಿದಳು: ಸಿದ್ದಪ್ಪ, ತಂದೆ ಮಾದಪ್ಪ, ಗೆಟ್ಟವಾಡಿ. ಪರದೆ ಹಳದಿಯಾಯಿತು. ಇದೇ ವಿವರದ ಇನ್ನೊಬ್ಬರು ಇದ್ದಾರೆ, ಮನೆಯಲ್ಲಿ ಏನೆಂದು ಕರೆಯುತ್ತೀರಿ ಎಂದು ಕೇಳಿತು. ಆ ಇನ್ನೊಬ್ಬರು ಜಯಮ್ಮನ ಗಂಡ, ಎಳೆಯಳ ಮಾವ.

"ಏನಂತ ಕರೀತೀಯಮ್ಮಾ?" ಸೆಲ್ವಿ ಕೇಳಿದಳು.

ಎಳೆಯಳು ಅತ್ತೆಯ ಮುಖ ನೋಡಿದಳು. "ಇನ್ನೂ ಏನೂ ಇಲ್ಲ ಕಣಕ್ಕ. ಕೂಸು ಅಂತೀನಿ."

"ಅದು ಎಲ್ಲರ ಮನೇಲೂ ಇರ್ತದೆ. ಬೇರೆ ಹೇಳು. ಖಾಲಿ ಬಿಟ್ರೆ ಇದು ಮುಂದಕ್ಕೇ ಹೋಗಲ್ಲ."

ಸಾಲಿನಲ್ಲಿದ್ದವರೆಲ್ಲ ಬಾಯಿ ಹಾಕಿದರು. ಚಿನ್ನ ಅನ್ನು, ಗುಂಡ ಅನ್ನು. ಜಯಮ್ಮ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. "ಅವ್ಳ ಕೂಸು. ಅವ್ಳೇ ಯೋಳ್ಲಿ ಬುಡ್ರವ್ವ."

ಪರದೆಯಲ್ಲಿ ಖಾಲಿ ಜಾಗದ ಗೆರೆ ಮಿನುಗುತ್ತಾ ಕಾಯುತ್ತಿತ್ತು. ಇಷ್ಟು ದಿನ ಇದ್ದ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದ ಯಂತ್ರ ಈಗ ಇನ್ನೂ ಹುಟ್ಟದ ಒಂದು ಹೆಸರಿಗಾಗಿ ಕಾಯುತ್ತಿತ್ತು. ಅದರ ಜೊತೆ ನಾವೆಲ್ಲ. ಎಳೆಯಳು ಕೂಸಿನ ಮುಖವನ್ನು ನೋಡಿದಳು, ಹಿಂದೆ ನಿಂತ ಗಂಡನನ್ನು ನೋಡಿದಳು, ತಲೆ ಬಗ್ಗಿಸಿದಳು.

"ಗಿಣಿ" ಅಂದಳು.

ಸೆಲ್ವಿ ಬರೆದಳು. ಮೈನ ಜೋರಾಗಿ ನಕ್ಕ.